ನೆಲ ತೋರಿಸುವ ಮೂಗು ಮತ್ತು ಏವಿಸ್ ಟೋವಿ

ಬೆಳಗಿನ ಆರು ಹತ್ತು. ಸೆವರ್ನ್ ನದಿಯ ಕಡೆಯಿಂದ ಹೊರಟ ಮಂಜು ವಿಮಾನ ಮ್ಯೂಸಿಯಂನ ಹ್ಯಾಂಗರಿನ ದೊಡ್ಡ ಬಾಗಿಲಡಿ ನುಸುಳಿ ಬಂದು ನೆಲದ ಮೇಲೆ ಮೊಣಕಾಲುದ್ದ ಹರಡಿಕೊಂಡಿದೆ. ಚಕ್ರಗಳು ಕಾಣುತ್ತಿಲ್ಲ. ಬಿಳಿಯ ಕಾಂಕಾರ್ಡ್ ವಿಮಾನ ನೆಲ ಮುಟ್ಟದೆ ತೇಲುತ್ತಿರುವಂತಿದೆ. ಅದರ ಸೂಜಿಯಂಥ ಮೂಗಿನ ಕೆಳಗೆ, ಚಕ್ರದ ಅಟ್ಟಣೆಯ ಹದಿನಾಲ್ಕನೇ ಮೆಟ್ಟಿಲ ಮೇಲೆ ಎಪ್ಪತ್ತೆಂಟು ವರ್ಷದ ಏವಿಸ್ ಟೋವಿ ನಿಂತಿದ್ದಾರೆ. ಕೈಗವಸು ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಲಗೈಯನ್ನು ಮೊಣಕೈವರೆಗೆ ಮೂಗಿನ ಕೀಲಿನೊಳಗೆ ಇಳಿಬಿಟ್ಟಿದ್ದಾರೆ. ಕಣ್ಣು ಮುಚ್ಚಿದೆ. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ ಎಂದು ಹುಡುಕುವ ಸೂಲಗಿತ್ತಿಯ ಮುಖ ಹೀಗೇ ಇರುತ್ತದೆ.

“ಏನ್ರೀ ಡಾಕ್ಟರಮ್ಮಾ, ಉಸಿರಾಡ್ತಿದೆಯಾ?” ಕೆಳಗಿನಿಂದ ಕೂಗುವವರು ಸಿರಿಲ್ ವಿಂಟಲ್. ಎಂಬತ್ತೊಂದರ ಹಳೆಯ ಎಲೆಕ್ಟ್ರಿಷಿಯನ್. ಪಂಪಿನ ಪೆಟ್ಟಿಗೆಯ ಮೇಲೆ ಕೂತು ಫ್ಲಾಸ್ಕಿನ ಚಹಾ ಬಗ್ಗಿಸಿಕೊಳ್ಳುತ್ತಿದ್ದಾರೆ.

“ಬಾಯಿ ಮುಚ್ಕೊಂಡಿರೋ ಸಿರಿಲ್. ನೀನು ಮಾತಾಡಿದ್ರೆ ನನ್ನ ಬೆರಳಿಗೆ ಏನೂ ಕೇಳ್ಸಲ್ಲ.”

ಬೆರಳಿಗೆ ಕೇಳಿಸಬೇಕಾದ್ದು ಒಂದೇ ಸುದ್ದಿ: ಒಣಗಿದೆಯೋ, ಜಿನುಗಿದೆಯೋ. ಏವಿಸ್ ಕೈ ಹೊರಗೆಳೆದು, ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿ, ಮೂಗಿನ ಹತ್ತಿರ ತಂದು ಮೂಸಿ, ಮುಂಗೈಯನ್ನು ಮೇಲಂಗಿಗೆ ಒರೆಸಿಕೊಳ್ಳುತ್ತಾರೆ. “ಒಣಗಿದೆ,” ಎನ್ನುತ್ತಾರೆ. ಹತ್ತು ಗಂಟೆಗೆ ಮ್ಯೂಸಿಯಂ ಸಮಿತಿಯ ಮೂವರು ಬರುತ್ತಾರೆ. ಒಂಬತ್ತು ವರ್ಷಗಳಿಂದ ಅಲುಗದೆ ನಿಂತಿರುವ ಈ ಮೂಗು ಅವರ ಕಣ್ಣೆದುರು ಬಾಗಿದರೆ ಸರಿ. ಸಿಕ್ಕಿಕೊಂಡರೆ, ಒಂದು ಹನಿ ಎಣ್ಣೆ ತೊಟ್ಟಿಕ್ಕಿದರೆ, ಕೆಳಗೆ ಓಡಾಡುವ ಜನರ ಸುರಕ್ಷತೆಗೆಂದು ಉಕ್ಕಿನ ಪಟ್ಟಿ ಹೊಡೆದು ಅದನ್ನು ಶಾಶ್ವತವಾಗಿ ಬಿಗಿದುಬಿಡುವುದೆಂದು ತೀರ್ಮಾನವಾಗಿದೆ.

ನೋಡಲು ಬಂದವರಲ್ಲಿ ಹತ್ತಕ್ಕೆ ಎಂಟು ಮಂದಿ ಕೇಳುವ ಪ್ರಶ್ನೆ ಒಂದೇ: ವಿಮಾನಕ್ಕೆ ಬಾಗುವ ಮೂಗು ಯಾಕೆ? ಏವಿಸ್ ಪಟ ಬಿಡಿಸಿ ವಿವರಿಸಲು ಹೋಗುವುದಿಲ್ಲ. “ಶಬ್ದಕ್ಕಿಂತ ವೇಗವಾಗಿ ಹೋಗ್ಬೇಕು ಅಂದ್ರೆ ಮೂಗು ಸೂಜಿ ಥರಾ ಉದ್ದ ಇರ್ಬೇಕು, ನೆಟ್ಟಗಿರ್ಬೇಕು. ಸರಿ. ಆದ್ರೆ ಇಳಿಯೋವಾಗ ಇವಳು ತಲೆ ಎತ್ಕೊಂಡು, ಹಿಂದಕ್ಕೆ ವಾಲ್ಕೊಂಡು ಇಳೀತಾಳೆ. ಆಗ ಒಳಗೆ ಕೂತಿರೋವ್ನಿಗೆ ಏನು ಕಾಣುತ್ತೆ? ತನ್ನದೇ ಮೂಗು, ಅದರ ಮೇಲೆ ಆಕಾಶ. ತುಂಬು ಬಸುರಿ ಮೆಟ್ಟಿಲು ಇಳಿದ ಹಾಗೆ ಕಣಪ್ಪ. ಹೊಟ್ಟೆ ಕಾಣುತ್ತೆ, ಕಾಲಿಡೋ ಜಾಗ ಕಾಣಲ್ಲ. ಅದಕ್ಕೇ ಮೂಗನ್ನ ಕೆಳಕ್ಕೆ ಬಗ್ಗಿಸೋದು. ಹೊರಡೋವಾಗ ಐದು ಡಿಗ್ರಿ, ಇಳಿಯೋವಾಗ ಹನ್ನೆರಡೂವರೆ.” ಇಷ್ಟು ಹೇಳಿ ಅವರು ಮೊಣಕೈ ಚಾಚಿ, ಮುಂಗೈಯನ್ನು ಮಣಿಕಟ್ಟಿನಲ್ಲಿ ಮೆಲ್ಲಗೆ ಬಾಗಿಸಿ ತೋರಿಸುತ್ತಾರೆ. ಗಂಡಸರು ಪಟ ಕೇಳುತ್ತಾರೆ. ಹೆತ್ತ ಹೆಂಗಸರು ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಬಸುರಿಯ ಮಾತು ಏವಿಸ್‌ಗೆ ಹೋಲಿಕೆಗೆಂದು ಹೊಳೆದದ್ದಲ್ಲ. ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಮಗಳು ಗ್ವೆನ್ ಹೊಟ್ಟೆಯಲ್ಲಿದ್ದಾಗ ಅವರು ಇದೇ ಮೂಗುಗಳ ಜೋಡಣೆಯ ಅಟ್ಟಣೆ ಹತ್ತಿ ಇಳಿಯುತ್ತಿದ್ದರು. ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆಂದು ಐದು ತಿಂಗಳು ಗಂಡನ ದೊಗಲೆ ಮೇಲಂಗಿ ತೊಟ್ಟುಕೊಂಡು ಸುಳ್ಳು ನಡೆಸಿದರು. “ಕೊನೆಗೆ ಹಿಡಿದಿದ್ದು ಯಾರು ಗೊತ್ತಾ? ಕ್ಯಾಂಟೀನಿನವಳು. ಎರಡು ಸಲ ಬಟಾಣಿ ಪಲ್ಯ ಕೇಳಿದೆ ಅಂತ!”

ಏವಿಸ್ ಹುಟ್ಟಿದ್ದು ಸೆವರ್ನ್ ದಂಡೆಯ ಪುಟ್ಟ ಊರಿನಲ್ಲಿ. ಅಪ್ಪ ನದಿಯ ಉಬ್ಬರದಲ್ಲಿ ಬೆತ್ತದ ಬುಟ್ಟಿಗಳ ಸಾಲು ನಿಲ್ಲಿಸಿ ಸಾಲ್ಮನ್ ಮೀನು ಹಿಡಿಯುತ್ತಿದ್ದವರು. ಚಳಿಗಾಲವೆಲ್ಲ ಒಲೆಯ ಮುಂದೆ ಬುಟ್ಟಿ ಹೆಣೆಯುವುದು ಮಕ್ಕಳ ಪಾಲು. ಬುಟ್ಟಿಯ ಗಂಟಲು ಸಪೂರ. ಒಳಗಿನ ಗಂಟನ್ನು ಕಣ್ಣಿಂದ ನೋಡಲಾಗದು, ಬೆರಳಿಂದಲೇ ನೋಡಬೇಕು. ಹದಿನೇಳನೇ ವಯಸ್ಸಿಗೆ ವಿಮಾನ ಕಾರ್ಖಾನೆಗೆ ಸೇರಿದಾಗ ಮೊದಲು ಕೊಟ್ಟದ್ದು ತೊಳೆಯುವ ಕೆಲಸ. ಆರು ವರ್ಷವಾದ ಮೇಲೆ ಒಂದು ದಿನ ಮೂಗು ಬಗ್ಗಿಸುವ ಕೊಳವೆಗಳ ನಡುವೆ, ಎಣ್ಣೆ ಸೋರದಂತೆ ತಡೆಯುವ ಒಂದು ರಬ್ಬರ್ ಬಳೆ ಜಾರಿ ಬಿತ್ತು. ಗಂಡಸರ ಕೈ ಯಾವುದೂ ಒಳಗೆ ಹೋಗಲಿಲ್ಲ. ನೆಲ ಒರೆಸುತ್ತಿದ್ದ ಹುಡುಗಿಯ ಕೈ ಹೋಯಿತು. ಬಳೆ ತೆಗೆದದ್ದಷ್ಟೇ ಅಲ್ಲ, “ಇದರ ಪಕ್ಕದ್ದು ತಿರುಚ್ಕೊಂಡಿದೆ” ಎಂದೂ ಹೇಳಿತು. ನೋಡಿದರೆ ನಿಜ. ಮರುವಾರದಿಂದ ಏವಿಸ್ ಮೂಗು ಕೂಡಿಸುವ ಹನ್ನೊಂದು ಜನರ ತಂಡದಲ್ಲಿ ಏಕೈಕ ಹೆಂಗಸು.

ಮೂಗು ಬೇರೆ ಊರಿನಿಂದ ಸಿದ್ಧವಾಗಿ ಬರುತ್ತಿತ್ತು. ಇಲ್ಲಿ ಅದನ್ನು ಒಡಲಿಗೆ ಕೂಡಿಸಿ, ಎಣ್ಣೆಯ ಒತ್ತಡ ಕೊಟ್ಟು, ಏಳಿಸಿ ಇಳಿಸಿ ಪರೀಕ್ಷೆ ಮಾಡುತ್ತಿದ್ದರು. ದಿನಕ್ಕೆ ಅರವತ್ತು ಸಲ, ಎಪ್ಪತ್ತು ಸಲ. ಮೊದಲು ಪೈಲಟ್ ಕಿಟಕಿಯ ಮುಂದಿನ ಗಾಜಿನ ಪರದೆ ಮೂಗಿನೊಳಕ್ಕೆ ಜಾರಬೇಕು, ಆಮೇಲೆ ಮೂಗು ಬಾಗಬೇಕು. ಏವಿಸ್ ಕೆಳಗೆ ಕೂತು ಹನಿ ಕಾಯುತ್ತಿದ್ದರು. ಇಡೀ ಶೆಡ್ಡಿನಲ್ಲಿ ತಗಡಿಗೆ ರಿವೆಟ್ ಮೊಳೆ ಬಡಿಯುವ ಸದ್ದು. ಆ ಸದ್ದಿನ ನಡುವೆ ಈ ಬಿಳಿಯ ಮೂಗು ಮಾತ್ರ ಯಾವುದೂ ಕೇಳಿಸದ ಹಾಗೆ, ಕೊಳದ ನೀರಿಗೆ ಬಾಗುವ ಕೊಕ್ಕರೆಯ ಹಾಗೆ, ತನ್ನ ಪಾಡಿಗೆ ಬಾಗುತ್ತಿತ್ತು, ಏಳುತ್ತಿತ್ತು. “ನಿದ್ದೆಗಣ್ಣಲ್ಲೂ ಅದೇ ಕಾಣೋದು. ನಮ್ಮೆಜಮಾನ್ರು ಗಾರ್ಡನ್ ಹೇಳೋರು, ‘ಏವಿಸ್, ನೀನು ನಿದ್ದೇಲಿ ಕತ್ತು ಬಗ್ಗಿಸ್ತೀಯ, ಎತ್ತುತ್ತೀಯ’ ಅಂತ.” ಗಾರ್ಡನ್ ಪಕ್ಕದ ಶೆಡ್ಡಿನಲ್ಲಿ ರಿವೆಟ್ ಬಡಿಯುತ್ತಿದ್ದವರು. ಐವತ್ತಕ್ಕೆಲ್ಲ ಕಿವಿ ಕಳೆದುಕೊಂಡರು. ಹನ್ನೆರಡು ವರ್ಷದ ಹಿಂದೆ ತೀರಿಕೊಂಡರು.

ಎಪ್ಪತ್ತನಾಲ್ಕರ ಒಂದು ದಿನವನ್ನು ಏವಿಸ್ ಈಗಲೂ ನಿನ್ನೆಯದೆಂಬಂತೆ ಹೇಳುತ್ತಾರೆ. ಎಣ್ಣೆಯ ಒತ್ತಡವೆಲ್ಲ ಕೈಕೊಟ್ಟರೂ ಪೈಲಟ್‌ಗೆ ನೆಲ ಕಾಣಬೇಕಲ್ಲ, ಅದಕ್ಕೆಂದು ಒಂದು ಹಿಡಿಕೆಯಿತ್ತು. ಅದನ್ನೆಳೆದರೆ ಮೂಗನ್ನು ಮೇಲೆ ಹಿಡಿದಿಟ್ಟ ಕೊಕ್ಕೆಗಳು ಬಿಡುತ್ತವೆ. ಮೂಗು ತನ್ನ ಭಾರಕ್ಕೇ ಇಳಿಯುತ್ತದೆ. ಪೂರ್ತಿ ಅಲ್ಲದಿದ್ದರೂ ಸಾಕಾಗುವಷ್ಟು. ಆ ಕೊಕ್ಕೆಯ ಪರೀಕ್ಷೆ ನಲವತ್ತು ಸಲ. ಇಪ್ಪತ್ತಮೂರನೇ ಸಲ ಎಳೆದಾಗ ಕೊಕ್ಕೆ ಬಿಡಲಿಲ್ಲ. ಇನ್ನೊಮ್ಮೆ ಎಳೆದಾಗ ಬಿಟ್ಟಿತು. ಉಳಿದದ್ದೆಲ್ಲ ಸರಾಗ. ಏವಿಸ್ ಕಾಗದಕ್ಕೆ ಸಹಿ ಹಾಕದೆ ಪೆನ್ನು ಮುಚ್ಚಿದರು.

ಮೇಸ್ತ್ರಿ ಪರ್ಸಿ ಲಗ್ ಬಂದರು. “ಮೂವತ್ತೊಂಬತ್ತು ಸಲ ಬಿಟ್ಟಿದೆಯಲ್ಲಮ್ಮ?”

“ಒಂದ್ಸಲ ಬಿಟ್ಟಿಲ್ಲ.”

“ನಿನ್ನ ಕೈ ಸೋತಿರ್ಬೇಕು. ವಿಮಾನ ಕಾಯ್ತಿದೆ, ಮೇಲಿನೋರು ನನ್ನ ತಲೆ ತಿಂತಿದಾರೆ. ಸಹಿ ಹಾಕು.”

“ನೀವೇ ಹಾಕಿ ಪರ್ಸಿ. ಪೆನ್ನು ಬೇಕಾ?”

ಲಗ್ ಮುಖ ಕೆಂಪಾಯಿತು. “ಹೆಂಗಸರ ಹಣೆಬರಹವೇ ಇಷ್ಟು. ಎಲ್ಲದರಲ್ಲೂ ಮೂಗು ತೂರ್ಸೋದು.”

“ಮೂಗಲ್ಲ ಪರ್ಸಿ, ಕೈ ತೂರ್ಸೋದು. ಅದಕ್ಕೇ ಅಲ್ವಾ ನನ್ನ ಇಲ್ಲಿ ಇಟ್ಕೊಂಡಿರೋದು?”

ಹತ್ತು ಜನ ಗಂಡಸರು ನಕ್ಕರು. ಆದರೆ ಲಗ್ ಕೂಡ ಸಹಿ ಹಾಕಲಿಲ್ಲ. ಕೊಕ್ಕೆ ಬಿಚ್ಚಿದರು. ಒಳಗಿನ ಅಂಚಿನಲ್ಲಿ ತಲೆಗೂದಲಿನಷ್ಟು ತೆಳ್ಳಗಿನ ಉಕ್ಕಿನ ಸಿಬಿರೊಂದು ಎದ್ದು ನಿಂತಿತ್ತು. ಹೊಸ ಕೊಕ್ಕೆ ಬಂದು ಕೂಡಲು ಆರು ವಾರ ಹಿಡಿಯಿತು. ಆ ಆರು ವಾರಕ್ಕೆ ಯಾರದಾದರೂ ತಲೆ ಬೇಕಿತ್ತು. ಏವಿಸ್‌ರನ್ನು ಉಗ್ರಾಣಕ್ಕೆ ಹಾಕಿದರು. ಹದಿನೆಂಟು ತಿಂಗಳು ಅವರು ಬೋಲ್ಟು, ನಟ್ಟುಗಳನ್ನು ಅಳತೆವಾರು ಡಬ್ಬಿಗೆ ತುಂಬುತ್ತ ಕೂತರು. ಅವರು ಉಗ್ರಾಣಕ್ಕೆ ಹೊರಡುವ ದಿನ ಲಗ್ ಯಾರಿಗೂ ಕಾಣದ ಹಾಗೆ ಆ ಸಿಬಿರೆದ್ದ ಕೊಕ್ಕೆಯನ್ನು ತಂದು ಅವರ ಅಂಗೈಯಲ್ಲಿಟ್ಟು, “ಮುಟ್ಟಿ ನೋಡು” ಎಂದರಂತೆ. “ಕ್ಷಮಿಸು ಅನ್ನೋಕೆ ಅವನಿಗೆ ನಾಲಿಗೆ ಹೊರಳಲಿಲ್ಲ. ಮುಟ್ಟಿ ನೋಡು ಅಂದ. ಅಷ್ಟೇ ಅವನ ಶಕ್ತಿ. ನಾನೂ ಮುಟ್ಟಿ ನೋಡಿ, ಹೂಂ ಅಂದೆ.”

ಆ ವಿಮಾನಗಳ ತಯಾರಿಕೆ ನಿಂತಾಗ ಏವಿಸ್‌ಗೆ ಮೂವತ್ತಮೂರು. ಮುಂದಿನ ಇಪ್ಪತ್ತೇಳು ವರ್ಷ ಪ್ಯಾಚ್‌ವೇಯ ಶಾಲೆಯೊಂದರ ಅಡುಗೆಮನೆಯಲ್ಲಿ ದಿನಕ್ಕೆ ಇನ್ನೂರ ಹತ್ತು ಮಕ್ಕಳಿಗೆ ಬಡಿಸಿದರು. ಕಸ್ಟರ್ಡ್ ಗಂಟು ಕಟ್ಟದ ಹಾಗೆ ಕಲಕುವುದರಲ್ಲಿ ಅವರನ್ನು ಮೀರಿಸಿದವರಿಲ್ಲವಂತೆ. ಮಧ್ಯಾಹ್ನ ಆಕಾಶದಲ್ಲಿ ಆ ಗುಡುಗು ಕೇಳಿಸಿದರೆ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಓಡುತ್ತಿದ್ದರು. ಮಕ್ಕಳು ರೆಕ್ಕೆ ನೋಡುತ್ತಿದ್ದವು. ಏವಿಸ್ ಮೂಗು ನೋಡುತ್ತಿದ್ದರು.

ವಿಮಾನಗಳು ಹಾರಾಟ ನಿಲ್ಲಿಸಿ, ಅವುಗಳಲ್ಲೊಂದು ಈ ಮ್ಯೂಸಿಯಂ ಸೇರಿದ ಮೇಲೆ ಅವರು ಅಲ್ಲಿ ಸ್ವಯಂಸೇವಕಿಯಾದರು. ಮಂಗಳವಾರ ಮತ್ತು ಶನಿವಾರ. ಐದೂ ನಲವತ್ತರ ಬಸ್ಸು. ಇಳಿಯುವಾಗ ಚಾಲಕನಿಗೆ “ಥ್ಯಾಂಕ್ಸ್ ಕಣೋ ರಾಜಾ” ಎನ್ನದೆ ಇಳಿದವರಲ್ಲ. ಮೂಗಿನ ಕೆಳಗಿನ ನೆಲ ಒರೆಸುವುದು, ಗಾಜು ಒರೆಸುವುದು, ಬಂದವರಿಗೆ ಬಸುರಿಯ ಕತೆ ಹೇಳುವುದು. ಮೊದಮೊದಲು ತಿಂಗಳಿಗೊಮ್ಮೆ ಮೂಗು ಬಾಗಿಸಿ ತೋರಿಸುತ್ತಿದ್ದರು. ರಬ್ಬರ್ ಬಳೆಗಳು ಹಳತಾಗಿ ಬಿರಿದವು, ಎಣ್ಣೆ ಸುರಿಯಿತು, ಬೀಗ ಬಿತ್ತು. ವರ್ಷಗಳು ಹೋದವು.

ನಾಲ್ಕು ಬೇಸಿಗೆಗಳ ಹಿಂದೆ ಒಂದು ಶನಿವಾರ. ಕೋಲೂರಿಕೊಂಡು ಬಂದ ಎತ್ತರದ ಮುದುಕರೊಬ್ಬರು ಹಗ್ಗದಾಚೆ ನಿಂತು ಅರ್ಧ ಗಂಟೆಯಿಂದ ಮೂಗನ್ನೇ ನೋಡುತ್ತಿದ್ದರು. ಏವಿಸ್ ನೆಲ ಒರೆಸುತ್ತಿದ್ದರು.

“ಇದು ಈಗ ಬಗ್ಗಲ್ವಾ?” ಮುದುಕರು ಕೇಳಿದರು.

“ಇಲ್ಲ ಸಾರ್. ಬೀಗ ಹಾಕಿದಾರೆ. ಕಾಲು ಸ್ವಲ್ಪ ಎತ್ತಿ, ಒದ್ದೆ ಇದೆ.”

ಅವರು ಕಾಲೆತ್ತಿದರು. ಹ್ಯಾಮಿಶ್ ಗಿಲ್‌ಕ್ರಿಸ್ಟ್, ಹಿಂದೊಮ್ಮೆ ಇವೇ ವಿಮಾನ ಹಾರಿಸುತ್ತಿದ್ದ ಕ್ಯಾಪ್ಟನ್. ಒರೆಸುವ ಕೋಲಿಗೆ ಒರಗಿ ನಿಂತ ಹೆಂಗಸಿಗೆ ಅವರು ಒಂದು ಕತೆ ಹೇಳಿದರು. ಚಳಿಗಾಲದ ತರಬೇತಿ ಹಾರಾಟ. ಪ್ರಯಾಣಿಕರಿಲ್ಲ, ನಾಲ್ಕು ಜನ ಸಿಬ್ಬಂದಿ. ಮೋಡ ಗೋಪುರದ ಎತ್ತರಕ್ಕೆ ಇಳಿದಿತ್ತು. ಮೂಗು ಇಳಿಸುವ ಗುಂಡಿ ಒತ್ತಿದರೆ ಏನೂ ಇಲ್ಲ. ಎರಡನೆಯ ವ್ಯವಸ್ಥೆಯೂ ಕೈಕೊಟ್ಟಿತು. “ಗಾಜಿನಾಚೆ ಬರೀ ಬೂದಿ ಬಣ್ಣ ಕಣಮ್ಮ. ನಾನೇ ಒಂದು ಕನಸಿನೊಳಗೆ ಹೋಗ್ತಿದೀನೇನೋ ಅನ್ನೋ ಹಾಗೆ. ಕೊನೇದಾಗಿ ಆ ಹಿಡಿಕೆ ಎಳೆದೆ. ಒಂದು ಉಸಿರಿನಷ್ಟು ಹೊತ್ತು ಏನೂ ಆಗ್ಲಿಲ್ಲ. ಆಮೇಲೆ ಠಕ್ ಅಂತು. ಮೂಗು ಕೆಳಗೆ ಹೋಯ್ತು. ಹೊಲ ಕಾಣಿಸ್ತು. ಹೊಲದಲ್ಲಿ ಕುರಿಗಳಿದ್ವು. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಕುರಿ ನೋಡಿಲ್ಲ.”

ಆ ಕೊಕ್ಕೆ ಕೂಡಿಸಿದವರು ಯಾರೆಂದು ಅಂದಿನಿಂದ ಕೇಳಬೇಕೆಂದಿದ್ದರಂತೆ. “ನಾವು ಹನ್ನೊಂದು ಜನ ಇದ್ವಿ ಸಾರ್,” ಎಂದರು ಏವಿಸ್. ಕ್ಯಾಪ್ಟನ್ ಕೋಲನ್ನು ಎಡಗೈಗೆ ಬದಲಿಸಿ, ಬಲಗೈ ಚಾಚಿ, ಸೋಪಿನ ನೀರು ತೊಟ್ಟಿಕ್ಕುತ್ತಿದ್ದ ಅವರ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆ ವಿಮಾನದ ಸಂಖ್ಯೆಯನ್ನೂ ಹೇಳಿದರು.

ಏವಿಸ್ ಮನೆಯ ಬೀರುವಿನಲ್ಲಿ ಆ ವರ್ಷಗಳ ಅವರದೇ ಕೈಬರಹದ ನೋಟ್‌ಪುಸ್ತಕಗಳಿವೆ. ಯಾವ ವಿಮಾನ, ಯಾವ ಕೊಕ್ಕೆ, ಯಾವ ದಿನ, ಎಲ್ಲ ಇದೆ. ತೆರೆದು ನೋಡಿದರೆ ಅರ್ಧ ನಿಮಿಷದ ಕೆಲಸ. ನಾಲ್ಕು ವರ್ಷವಾದರೂ ತೆರೆದಿಲ್ಲ. “ನಾನು ಹಠ ಹಿಡಿದು ಬದಲಾಯಿಸಿದ ಕೊಕ್ಕೇನೇ ಆಗಿದ್ರೆ ಜಂಬ ಬರುತ್ತೆ. ಬೇರೇದಾಗಿದ್ರೆ ಬೇಜಾರಾಗುತ್ತೆ. ಈ ವಯಸ್ಸಿಗೆ ಎರಡೂ ಜೀರ್ಣ ಆಗಲ್ಲ,” ಎನ್ನುತ್ತಾರೆ. ಆದರೆ ಅದೇ ವಾರ ಅವರು ಮ್ಯೂಸಿಯಂ ಮೇಲ್ವಿಚಾರಕಿ ಟ್ಯಾಮ್ಸಿನ್ ಪ್ರಾಬರ್ಟ್ ಮುಂದೆ ಹೋಗಿ ನಿಂತರು: ಮೂಗು ನಾನು ಸರಿ ಮಾಡುತ್ತೇನೆ.

ಟ್ಯಾಮ್ಸಿನ್ ನಕ್ಕುಬಿಟ್ಟದ್ದನ್ನು ಈಗ ನಾಚಿಕೊಂಡೇ ನೆನೆಯುತ್ತಾರೆ. “ಇವರು ನೆಲ ಒರೆಸೋ ಆಂಟಿ ಅಂತಲೇ ನನಗೆ ಗೊತ್ತಿದ್ದಿದ್ದು. ಆಮೇಲೆ ನಕ್ಷೆ ಇಲ್ಲದೆ, ಬರೀ ಕೈಯಿಂದ, ಮೂವತ್ತೊಂದು ಬಳೆ ಎಲ್ಲೆಲ್ಲಿವೆ ಅಂತ ಹೇಳಿದ್ರು. ನಕ್ಷೆ ಸಿಕ್ಕಿದ ಮೇಲೆ ನೋಡಿದ್ರೆ, ನಕ್ಷೇಲಿ ಮೂವತ್ತೇ ಇತ್ತು. ಬಿಚ್ಚಿ ನೋಡಿದ್ವಿ. ಮೂವತ್ತೊಂದು.”

ಕೆಲಸ ಮುಗಿಯಲು ಮೂರು ವರ್ಷಕ್ಕೂ ಮೇಲಾಯಿತು. ಗ್ಲಾಸ್ಟರ್‌ನ ರಬ್ಬರಿನವರೊಬ್ಬರು ಬಳೆ ಎರಕ ಹೊಯ್ದುಕೊಟ್ಟರು. ಮೊದಲ ಸಲ ಬಂದದ್ದು ಕೂದಲೆಳೆಯಷ್ಟು ಹೆಚ್ಚು ದಪ್ಪ. ಏವಿಸ್ ಹೆಬ್ಬೆರಳಲ್ಲಿ ಒತ್ತಿ ನೋಡಿ ಎಲ್ಲವನ್ನೂ ವಾಪಸು ಕಳಿಸಿದರು. ಒಂದೊಂದು ಬಳೆಯನ್ನೂ ಎಣ್ಣೆಯಲ್ಲಿ ನೆನೆಸಿ, ಮೆತ್ತಗಾದ ಗಳಿಗೆ ನೋಡಿ ಕೂಡಿಸಬೇಕು. ಬೆಳಗಿನ ಮೂರು ಗಂಟೆಗಳ ಕೆಲಸಕ್ಕೆ ಒಂದು ಬಳೆ. ಎಷ್ಟೋ ತಿಂಗಳು ಅದೂ ಇಲ್ಲ. ಹೋದ ಚಳಿಗಾಲ ಕ್ಯಾಪ್ಟನ್ ಗಿಲ್‌ಕ್ರಿಸ್ಟ್ ತೀರಿಕೊಂಡ ಸುದ್ದಿ ಬಂತು. ಮಣ್ಣು ಮಾಡುವ ದಿನ ಮಂಗಳವಾರ. ಒಂದು ಬಳೆ ನೆನೆದು ತಯಾರಾಗಿತ್ತು, ಅಂದೇ ಕೂಡಿಸದಿದ್ದರೆ ಕೆಡುತ್ತಿತ್ತು. ಏವಿಸ್ ಹೋಗಲಿಲ್ಲ. “ಹೋಗ್ಬೇಕಿತ್ತು,” ಎನ್ನುತ್ತಾರೆ. ಮತ್ತೆ ಅದನ್ನೇ ಹೇಳುತ್ತಾರೆ: “ಹೋಗ್ಬೇಕಿತ್ತು.”

ಹತ್ತು ಗಂಟೆ. ಹ್ಯಾಂಗರಿನ ಬಾಗಿಲು ತೆರೆದಿದೆ. ಸಮಿತಿಯ ಮೂವರು ಉದ್ದ ಕೋಟು ತೊಟ್ಟು ಸಾಲಾಗಿ ನಿಂತಿದ್ದಾರೆ. ಅಟ್ಟಣೆಯನ್ನು ಪಕ್ಕಕ್ಕೆ ಸರಿಸಲಾಗಿದೆ. ಟ್ಯಾಮ್ಸಿನ್ ಮೇಲೆ ಕಾಕ್‌ಪಿಟ್‌ನಲ್ಲಿ, ಸಿರಿಲ್ ಪಂಪಿನ ಹತ್ತಿರ, ಏವಿಸ್ ಮೂಗಿನ ನೇರ ಕೆಳಗೆ ಮಡಿಸುವ ಕುರ್ಚಿಯಲ್ಲಿ. ಪಂಪು ಗುಂಯ್ ಎನ್ನುತ್ತದೆ. ಗಾಜಿನ ಪರದೆ ಮೆಲ್ಲಗೆ ಒಳಕ್ಕೆ ಜಾರುತ್ತದೆ. ಆಮೇಲೆ ಮೂಗು ಒಮ್ಮೆ ನಡುಗಿ, ನಿಂತುಬಿಡುತ್ತದೆ.

ಸಿರಿಲ್ ಕೈ ಒತ್ತಡದ ತಿರುಪಿನ ಕಡೆ ಹೋಗುತ್ತದೆ.

“ಬೇಡ,” ಎನ್ನುತ್ತಾರೆ ಏವಿಸ್. “ಹೆಚ್ಚಿಸ್ಬೇಡ. ಒಂಬತ್ತು ವರ್ಷ ಕತ್ತು ಎತ್ಕೊಂಡೇ ಇದ್ಲು. ಹಿಡ್ಕೊಂಡಿದೆ. ಕಾಯಿ.”

ಕಾಯುತ್ತಾರೆ. ಕೋಟಿನವರಲ್ಲಿ ಒಬ್ಬರು ಗಡಿಯಾರ ನೋಡಿಕೊಳ್ಳುತ್ತಾರೆ. ಆಗ, ಯಾವುದೇ ಸದ್ದಿಲ್ಲದೆ, ನಿದ್ದೆ ಬಂದವರ ತಲೆ ಎದೆಯ ಮೇಲೆ ಇಳಿದ ಹಾಗೆ, ಆ ಉದ್ದನೆಯ ಬಿಳಿ ಮೂಗು ಬಾಗತೊಡಗುತ್ತದೆ. ಐದು ಡಿಗ್ರಿಗೆ ಒಮ್ಮೆ ನಿಂತು, ಮತ್ತೆ ಹೊರಟು, ಹನ್ನೆರಡೂವರೆಗೆ ತಲುಪಿ ನಿಲ್ಲುತ್ತದೆ. ಬಾಗಿಲಿಂದ ಬಂದ ಎಳೆ ಬಿಸಿಲು ಅದರ ಬೆನ್ನ ಮೇಲೆ ಉದ್ದಕ್ಕೂ ಹರಿಯುತ್ತದೆ.

“ಹನಿ!” ಕೋಟಿನವರೊಬ್ಬರು ಬೆರಳು ಮಾಡುತ್ತಾರೆ. ನಿಜ. ಮೂಗಿನ ಅಡಿಯಿಂದ ಒಂದು ಹನಿ ಬಿತ್ತು. ಇನ್ನೊಂದು. ಏವಿಸ್ ಕುರ್ಚಿಯಿಂದ ಎದ್ದು, ನೆಲದ ಹನಿಯನ್ನು ಬೆರಳಲ್ಲಿ ಒತ್ತಿ, ಉಜ್ಜಿ, ಮೂಸಿ, ಆಮೇಲೆ ಎಲ್ಲರೂ ನೋಡುತ್ತಿರುವಂತೆ ನಾಲಿಗೆಗೂ ಮುಟ್ಟಿಸುತ್ತಾರೆ.

“ನೀರು ಕಣ್ರೀ. ಮಂಜು ಕರಗಿದೆ. ಬೇಕಿದ್ರೆ ನೀವೂ ರುಚಿ ನೋಡಿ.”

ಅವರು ರುಚಿ ನೋಡುವುದಿಲ್ಲ. ಇಪ್ಪತ್ತು ನಿಮಿಷ ನಿಂತು ನೋಡುತ್ತಾರೆ. ಮೂರು ಸಲ ಏಳಿಸಿ ಇಳಿಸಿ ನೋಡುತ್ತಾರೆ. ಮೂವತ್ತೊಂದರಲ್ಲಿ ಒಂದು ಬಳೆಯೂ ಬಾಯಿ ಬಿಡುವುದಿಲ್ಲ. ಉಕ್ಕಿನ ಪಟ್ಟಿಯ ಮಾತು ಅಲ್ಲಿಗೆ ಮುಗಿಯುತ್ತದೆ. ಸಿರಿಲ್ ಕಾಗದದ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂದಿಕೊಬ್ಬು, ಸಕ್ಕರೆಯ ಲಾರ್ಡಿ ಕೇಕ್ ಹಂಚುತ್ತ, “ಕೊಬ್ಬು ಜಾಸ್ತಿ ಹಾಕಿಸಿದೀನಿ, ನಮ್ಮ ಕೀಲಿಗೂ ಎಣ್ಣೆ ಬೇಕಲ್ಲ” ಎನ್ನುತ್ತಾರೆ.

ಮೇಲಿಂದ ಟ್ಯಾಮ್ಸಿನ್ ಕರೆಯುತ್ತಾರೆ. “ಏವಿಸ್, ನೀವು ಒಂದ್ಸಲ ಇಲ್ಲಿ ಬಂದು ಕೂತ್ಕೊಳ್ಳಿ. ನಾನು ಇಳಿಸಿ ತೋರಿಸ್ತೀನಿ.”

“ನನಗ್ಯಾಕೆ? ಕೆಳಗೆ ಯಾರು ನೋಡ್ತಾರೆ?”

“ನನಗೂ ಎರಡು ಕಣ್ಣಿದೆ ಕಣೇ ಚಿನ್ನಾ,” ಎನ್ನುತ್ತಾರೆ ಸಿರಿಲ್. “ಒಂದರಲ್ಲಿ ಪೊರೆ, ಇನ್ನೊಂದು ನೆಟ್ಟಗಿದೆ. ಹೋಗು.”

ಕೈಗೆ ಅಂಟಿದ ಸಕ್ಕರೆಯನ್ನು ನೆಕ್ಕುತ್ತಿದ್ದ ಏವಿಸ್ ಅಲ್ಲೇ ನಿಲ್ಲುತ್ತಾರೆ. ಲೆಕ್ಕವಿಲ್ಲದಷ್ಟು ಸಲ ಅವರು ಈ ಮೂಗು ಬಾಗುವುದನ್ನು ನೋಡಿದ್ದಾರೆ. ಪ್ರತಿ ಸಲವೂ ಕೆಳಗಿನಿಂದ. ಯಾರಿಗೆ ಕಾಣಲೆಂದು ಅದು ಬಾಗುತ್ತದೋ ಅವರ ಜಾಗದಲ್ಲಿ ಒಂದು ದಿನವೂ ಕೂತಿಲ್ಲ. ಕಾರ್ಖಾನೆಯಲ್ಲಿ ಅವರಂಥವರು ಆ ಸೀಟಿನಲ್ಲಿ ಕೂರುವಂತಿರಲಿಲ್ಲ. ಮ್ಯೂಸಿಯಂನಲ್ಲಿ ಕೇಳುವ ಯೋಚನೆಯೇ ಬಂದಿರಲಿಲ್ಲ.

ಇಪ್ಪತ್ತೆರಡು ಮೆಟ್ಟಿಲು. ಸೊಂಟ ನೋವಿಗೆ ಎರಡು ಕಡೆ ನಿಂತು ಸುಧಾರಿಸಿಕೊಂಡು ಹತ್ತುತ್ತಾರೆ. ಗುಂಡಿ, ಮುಳ್ಳು, ದೀಪಗಳ ಇಕ್ಕಟ್ಟಿನ ನಡುವೆ ತೂರಿ ಎಡಗಡೆಯ ಸೀಟಿನಲ್ಲಿ ಕೂರುತ್ತಾರೆ. ಕಾಲು ನೆಲಕ್ಕೆ ಎಟಕುವುದಿಲ್ಲ. ಗಾಜಿನಾಚೆ ಗಾಜು, ಅದರಾಚೆ ಹ್ಯಾಂಗರಿನ ಮಾಡು. ಬೇರೇನೂ ಇಲ್ಲ. ಟ್ಯಾಮ್ಸಿನ್ ಗುಂಡಿ ಒತ್ತುತ್ತಾರೆ.

ಪರದೆ ಜಾರುತ್ತದೆ. ಮೂಗು ಕಣ್ಣ ಮುಂದಿನಿಂದ ನಿಧಾನವಾಗಿ, ಯಾರೋ ಬಾಗಿಲಿಂದ ಸರಿದು ದಾರಿ ಬಿಟ್ಟ ಹಾಗೆ, ಕೆಳಗಿಳಿಯುತ್ತದೆ. ತೆರೆದ ಬಾಗಿಲಿನ ಚೌಕಟ್ಟು ಕಾಣುತ್ತದೆ. ಹಿಂದೆ ರನ್‌ವೇ ಇದ್ದಲ್ಲಿ ಈಗ ಎದ್ದು ನಿಂತ ಇಟ್ಟಿಗೆ ಮನೆಗಳ ಸಾಲು ಕಾಣುತ್ತದೆ. ಮೊದಲ ಮಹಡಿಯ ಬಾಲ್ಕನಿಯಲ್ಲಿ ಹೆಂಗಸೊಬ್ಬಳು ಹಳದಿ ಹೊದಿಕೆಯೊಂದನ್ನು ಕೊಡವಿ ಹರಡುತ್ತಿದ್ದಾಳೆ. ಅದರ ಕೆಳಗೆ ಒದ್ದೆ ರಸ್ತೆ, ರಸ್ತೆಯಲ್ಲೊಂದು ನಾಯಿ. ಕೊನೆಗೆ ಹ್ಯಾಂಗರಿನ ನೆಲ, ಮೂಗಿನ ಪಕ್ಕಕ್ಕೆ ಸರಿದು ನಿಂತು ಬಾಯಿ ತೆರೆದು ಮೇಲೆ ನೋಡುತ್ತಿರುವ ಸಿರಿಲ್.

ಟ್ಯಾಮ್ಸಿನ್ ಮೆಲ್ಲಗೆ ಕೇಳುತ್ತಾರೆ, “ಏನು ಕಾಣಿಸ್ತಿದೆ?”

“ಎಲ್ಲಾ ಕಾಣಿಸುತ್ತೆ ಕಣೇ,” ಎನ್ನುತ್ತಾರೆ ಏವಿಸ್. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡುತ್ತಾರೆ. “ಇಲ್ಲಿ ಕೂತಿದ್ದೋರಿಗೆ ಚೆನ್ನಾಗೇ ಕಾಣಿಸ್ತಿತ್ತು.”